ಲ್ಯಾಟರೈಟ್ ಎಂಬ ನಮ್ಮ ಮುರಕಲ್ಲು

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ಕಳೆದ ರಜೆಯಲ್ಲಿ ಮನೆಗೆ ಬಂದಿದ್ದಾಗ, "ಅಜ್ಜ, ಲ್ಯಾಟರೈಟ್ ಅಂದರೆ ಎಂಥದು?" ಎಂದು ಕೇಳಿದ. "ಅದರ ಮೇಲೆಯೇ ಕುಳಿತಿದ್ದೀಯಲ್ಲ ಮಾರಾಯ" ಎಂದೆ. ನಮ್ಮ ಜಗಲಿ, ಗೋಡೆ, ಬಾವಿಯ ಕಟ್ಟೆ ಎಲ್ಲವೂ ಮುರಕಲ್ಲಿನವು. ಅವನ ಕಾಲೇಜಿರುವ ಗುಡ್ಡವೂ ಅದರದೇ.

ಈ ಪದದ ಜನ್ಮವೃತ್ತಾಂತ ಸ್ವಾರಸ್ಯಕರವಾದುದು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಗಳ ಬೆಳೆ, ಕಸುಬು, ಖನಿಜಗಳ ವಿವರ ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ನಿಯೋಜಿಸಿದನು. 1800ರಲ್ಲಿ ಮದರಾಸಿನಿಂದ ಹೊರಟ ಆತ ಮೈಸೂರು ಸೀಮೆಯನ್ನು ಸುತ್ತಿ, ವರ್ಷಾಂತ್ಯದ ಹೊತ್ತಿಗೆ ಮಲಬಾರಿನ ಅಂಗಡಿಪುರಕ್ಕೆ ಬಂದನು. ಅಲ್ಲಿ ಒಂದು ವಿಚಿತ್ರ ಕಲ್ಲನ್ನು ಕಂಡನು. ನೆಲದಲ್ಲಿರುವಾಗ ಕಬ್ಬಿಣದ ಹತಾರದಿಂದ ಕಡಿಯುವಷ್ಟು ಮೆದು; ಹೊರತೆಗೆದು ಗಾಳಿಗೊಡ್ಡಿದರೆ ಇಟ್ಟಿಗೆಯಂತೆ ಗಡಸು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಇದೇ ಪ್ರವಾಸದಲ್ಲಿ, 1801ರ ಆರಂಭದಲ್ಲಿ, ಆತ ನಮ್ಮ ಕಾರ್ಕಳ, ಉಡುಪಿಗಳನ್ನೂ ಹಾದುಹೋದನು.

ಆದರೆ ಈ ಕಲ್ಲನ್ನು ಇಲ್ಲಿಯ ಜನರು ತಮ್ಮ ಮಾತಿನಲ್ಲಿ 'ಇಟ್ಟಿಗೆ ಕಲ್ಲು' ಎನ್ನುತ್ತಾರೆಂದು ಬುಕಾನನ್ನನೇ ದಾಖಲಿಸಿದ್ದಾನೆ. ನಮ್ಮ ಪಠ್ಯಪುಸ್ತಕಗಳ 'ಜಂಬಿಟ್ಟಿಗೆ'ಯನ್ನು ನೋಡಿ, ಅದರ ಬಾಲದಲ್ಲಿಯೂ ಇಟ್ಟಿಗೆಯೇ ಇದೆ. ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಆ ಶಬ್ದವು ನಮ್ಮ ಕರಾವಳಿಯ ಕಲ್ಲುಕುಟಿಗನ ಮಾತಿಗೆ ತೊಡಿಸಿದ ಲ್ಯಾಟಿನ್ ಅಂಗಿ! ಅಂಗಡಿಪುರದಲ್ಲಿ 1979ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದರ ನೆನಪಿಗೆ ಒಂದು ಸ್ಮಾರಕವನ್ನು ನಿಲ್ಲಿಸಿತು.

ಇದನ್ನು ಓದಿದ ದಿನ ನನಗೆ ಒಂದು ಹಳೆಯ ಉತ್ತರಪತ್ರಿಕೆ ನೆನಪಾಗಿ ನಾಚಿಕೆಯಾಯಿತು. ಎಂಟನೆಯ ತರಗತಿಯ ಭೂಗೋಳ ಪರೀಕ್ಷೆಯಲ್ಲಿ, ಭಾರೀ ಮಳೆಯ ಪ್ರದೇಶದಲ್ಲಿ ಉಂಟಾಗುವ ಕೆಂಪು ಶಿಲೆ ಯಾವುದು ಎಂದು ಕೇಳಿದ್ದೆ. ಕಲ್ಲುಕೋರೆಯಲ್ಲಿ ದುಡಿಯುತ್ತಿದ್ದವರೊಬ್ಬರ ಮಗ 'ಮುರಕಲ್ಲು' ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಗೀಟೆಳೆದು, ಪಕ್ಕದಲ್ಲಿ 'ಲ್ಯಾಟರೈಟ್' ಎಂದು ಬರೆದು ಸೊನ್ನೆ ಕೊಟ್ಟೆ. ಅವನು ಎದುರು ಮಾತಾಡಲಿಲ್ಲ.

ಅವನಿಗೆ ತಿಳಿದಿದ್ದುದು ನನಗಿಂತ ಹೆಚ್ಚೇ ಇದ್ದೀತು. ಬಿಸಿಲೂ ಮಳೆಯೂ ಸಾವಿರಾರು ವರ್ಷ ಬಂಡೆಯನ್ನು ಕೊಳೆಸುವಾಗ ಸಿಲಿಕಾ, ಸುಣ್ಣದಂಥವು ನೀರಿನೊಡನೆ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ ಆಕ್ಸೈಡುಗಳು ಉಳಿಯುತ್ತವೆ. ಆ ಕೆಂಪು ಕಬ್ಬಿಣದ್ದು. ಮೈತುಂಬ ತೂತುಗಳಿರುವುದರಿಂದ ಮಳೆನೀರು ಒಳಗಿಳಿಯುತ್ತದೆ. ಕಾಸರಗೋಡಿನ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ನೀರು ಒಸರುವುದು ಇದರಿಂದಲೇ. ಅಲ್ಲಿಯ ಬೇಕಲ ಕೋಟೆಯೂ ಈ ಕಲ್ಲಿನದು. ಶಿಲ್ಪಕ್ಕೆ ಮಾತ್ರ ಇದು ಒಗ್ಗದು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ಕಡೆದವರು ಕರಿಗಲ್ಲನ್ನೇ ಆರಿಸಿಕೊಂಡರು. ಕಾಪುವಿನಲ್ಲಿ 1901ರ ದೀಪಸ್ತಂಭಕ್ಕೆ ಆಧಾರವಾಗಿರುವುದೂ ಕಡಲಂಚಿನ ಗಟ್ಟಿಬಂಡೆಯೇ.

ಮುರಕಲ್ಲಿನ ಪದರದ ಕೆಳಗೆ ಬಿಳಿ, ನಸುಗೆಂಪು, ಹಳದಿ ಬಣ್ಣದ ಜೇಡಿ ಇರುತ್ತದೆ. ನಾವು ಶೇಡಿ ಮಣ್ಣು ಎನ್ನುವ ಅದಕ್ಕೆ ವಿಜ್ಞಾನಿಗಳ ಹೆಸರು ಲಿಥೊಮಾರ್ಜ್. ಒಣಗಿದ್ದಾಗ ಬಲು ಗಟ್ಟಿ, ನೀರು ತಾಗಿದರೆ ಬಲವೆಲ್ಲ ಕರಗಿ ಹೋಗುತ್ತದೆ. ಗುಡ್ಡವನ್ನು ನೆಟ್ಟಗೆ ಕಡಿದು, ಮೇಲಿನ ಮುರಕಲ್ಲಿನ ಹೊದಿಕೆ ತೆಗೆದು ಮನೆ ಕಟ್ಟುವವರು ಆಷಾಢದ ಮಳೆಯಲ್ಲಿ ಪಡುವ ಪಾಡು ಇದರಿಂದ. ನಿಮ್ಮಲ್ಲಿ ಯಾರಾದರೂ ಗುಡ್ಡದ ಬದಿಯಲ್ಲಿ ಜಾಗ ನೋಡುತ್ತಿದ್ದರೆ, ದಯವಿಟ್ಟು ಮೊದಲು ಊರಿನ ಹಳೆಯ ಬಾವಿ ತೋಡುವವರನ್ನು ಕೇಳಿರಿ. ಎಷ್ಟು ಕೋಲು ಆಳದಲ್ಲಿ ಶೇಡಿ ಸಿಕ್ಕೀತೆಂದು ಅವರು ಹೇಳಿಯಾರು.

ಆ ಹುಡುಗ ಹತ್ತನೆಯ ತರಗತಿಗೆ ಮುಂಚೆಯೇ ಶಾಲೆ ಬಿಟ್ಟು ಮುಂಬಯಿಗೆ ಹೋದನೆಂದು ಕೇಳಿದ್ದೆ. ಅವನ ಸಹಪಾಠಿಗಳು ಯಾರಾದರೂ ಇದನ್ನು ಓದಿದರೆ ಅವನಿಗೆ ತಿಳಿಸಿರಿ, ಅವನ ಎರಡು ಅಂಕ ನನ್ನಲ್ಲಿ ಬಾಕಿ ಇದೆ.