ಶನಿವಾರ ಮಧ್ಯಾಹ್ನ ಯಾರಿಗೆ ಪುರುಸೊತ್ತು? ನಮ್ಮ ಗೈಡ್ಸ್ ಕಥೆ

ಗೈಡ್ಸ್ ಅಂದ್ರೆ ಆಗಸ್ಟ್ ಹದಿನೈದಕ್ಕೆ ಬ್ಯಾಂಡಿನ ಹಿಂದೆ ಹೋಗೋ ಹುಡುಗೀರಲ್ವಾ ಅಂತ ಓಣಿಯ ಅತ್ತಿಗೆಯೊಬ್ರು ಕೇಳಿದ್ರು. ಅಷ್ಟೇ ಅಲ್ಲ ಕಣ್ರೇ. ಅದಕ್ಕೆ ನೂರು ವರ್ಷ ದಾಟಿದ ಕಥೆ ಐತೆ, ಆ ಕಥೆಯಲ್ಲಿ ನಮ್ಮ ದಾವಣಗೆರೆ ಸೀಮೆಯ ಹೆಸರೂ ಐತೆ. ಪುಸ್ತಕದೋರು ಬರಿಯದೆ ಬಿಟ್ಟಿರೋ ಭಾಗವೂ ಒಂದೈತೆ, ಅದು ನಮ್ಮಂಥ ಮನೆಗಳ ಒಳಗೇ ನಡೆದಿದ್ದು. ಎರಡನ್ನೂ ಸೇರಿಸಿ ಬರೀತೀನಿ. ಒಲೆ ಮೇಲೆ ಹಾಲಿಟ್ಟಿದ್ರೆ ಇಳಿಸಿ ಬಂದು ಓದ್ರಿ.

ಮೊದಲು ಹುಟ್ಟಿದ್ದು ಹುಡುಗರ ಸ್ಕೌಟು. ಬೇಡನ್ ಪೊವೆಲ್ ಅನ್ನೋ ಇಂಗ್ಲಿಷ್ ಸೈನ್ಯಾಧಿಕಾರಿ 1907ರಲ್ಲಿ ಬ್ರೌನ್‌ಸೀ ಅನ್ನೋ ದ್ವೀಪಕ್ಕೆ ಒಂದಿಷ್ಟು ಹುಡುಗರನ್ನ ಕರ್ಕಂಡು ಹೋಗಿ ಶಿಬಿರ ಮಾಡಿದ. ಎರಡೇ ವರ್ಷಕ್ಕೆ, 1909ರಲ್ಲಿ, ಅದು ನಮ್ಮ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಬಂತು. ಅದೇ ವರ್ಷ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟು ಹುಡುಗರ ದೊಡ್ಡ ರ‍್ಯಾಲಿ ಸೇರಿತ್ತು. ಅಲ್ಲಿಗೆ ಒಂದು ಗುಂಪು ಹುಡುಗೀರು ಯಾರೂ ಕರೀದೇ ಬಂದು ನಿಂತ್ಕಂಡ್ರು, ನಾವೂ ಸ್ಕೌಟುಗಳೇ ಅಂದ್ರು. ಮನೆಗೆ ಹೋಗ್ರಿ ಅನ್ನೋಕೆ ಯಾರಿಗೂ ಬಾಯಿ ಬರ್ಲಿಲ್ಲ. 1910ರಲ್ಲಿ ಹುಡುಗೀರಿಗೆ ಅಂತಲೇ ಗರ್ಲ್ ಗೈಡ್ಸ್ ಶುರುವಾಯ್ತು. ನಡೆಸೋ ಹೊಣೆ ಬಿದ್ದಿದ್ದು ಪೊವೆಲ್ ತಂಗಿ ಆಗ್ನೆಸ್ ಮೇಲೆ. ಮದುವೆಯಾಗದೆ ಉಳಿದಿದ್ದ, ಐವತ್ತು ದಾಟಿದ್ದ ಹೆಣ್ಮಗಳು. 1912ರಲ್ಲಿ ಅಣ್ಣ ತಂಗಿ ಹೆಸರಲ್ಲಿ ಬಂದ ಕೈಪಿಡಿಯ ತಲೆಬರಹದಲ್ಲೇ, ಹುಡುಗೀರು ಸಾಮ್ರಾಜ್ಯ ಕಟ್ಟೋಕೆ ಹೆಂಗೆ ನೆರವಾಗಬೋದು ಅಂತಿತ್ತು. ನಮ್ಮಜ್ಜಿ ಕೇಳಿದ್ರೆ, ಮೊದ್ಲು ಕೊಟ್ಟಿಗೆ ಕಟ್ಟಲಿ ಅಂತಿದ್ರೇನೋ.

ಇಂಡಿಯಾದಲ್ಲಿ ಗೈಡ್ಸ್ ಮೊದಲು ಶುರುವಾಗಿದ್ದು 1911ರಲ್ಲಿ, ಜಬಲ್ಪುರದಲ್ಲಿ. ಮೊದಮೊದಲು ಬಿಳಿಯರ ಮಕ್ಕಳು, ಆಂಗ್ಲೋ ಇಂಡಿಯನ್ ಮಕ್ಕಳು, ಅಷ್ಟೇ. ಹುಡುಗರ ಸ್ಕೌಟಿನಲ್ಲೂ ಹಂಗೇ ಇತ್ತು. ಅದಕ್ಕೇ ಆನಿ ಬೆಸೆಂಟ್, ಅರುಂಡೇಲ್ ಮದ್ರಾಸಿನಲ್ಲಿ ನಮ್ಮ ಮಕ್ಕಳಿಗೆ ಬೇರೆ ಸಂಘ ಮಾಡಿದ್ರು. ಮಾಳವೀಯ, ಕುಂಜ್ರೂ, ಶ್ರೀರಾಮ ಬಾಜಪೇಯಿ ಸೇರಿ ಅಲಹಾಬಾದಿನಲ್ಲಿ ಇನ್ನೊಂದು. ಸ್ವಾತಂತ್ರ್ಯ ಬಂದ ಮೇಲೆ 1950ರ ನವೆಂಬರ್ 7ಕ್ಕೆ ಎಲ್ಲಾ ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯ್ತು. ಹುಡುಗೀರ ಸಂಘ ಬಂದು ಸೇರಿದ್ದು 1951ರ ಆಗಸ್ಟ್ 15ಕ್ಕೆ. ದೊಡ್ಡಬಳ್ಳಾಪುರದ ತರಬೇತಿ ಜಾಗಕ್ಕೆ ಈಗಲೂ ಆನಿ ಬೆಸೆಂಟ್ ಪಾರ್ಕ್ ಅಂತಲೇ ಹೆಸರು.

ಇನ್ನೊಂದು ಹೆಸರು ಹೇಳದಿದ್ರೆ ನನಗೆ ಸಮಾಧಾನ ಇಲ್ಲ. ಗೈಡ್ಸಿಗೆ ಸಂಬಂಧ ಇಲ್ಲ, ಆದ್ರೂ ಕೇಳ್ರಿ. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. 1923ರಲ್ಲಿ ನಾ.ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳ ಕಟ್ಟಿದಾಗ ಅದರ ಹೆಣ್ಮಕ್ಕಳ ವಿಭಾಗ ನೋಡ್ಕಂಡೋರು ಇವರು. 1924ರಲ್ಲಿ ಬೆಳಗಾವಿ ಕಾಂಗ್ರೆಸ್ಸಿಗೆ, ಅದೇ ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನಕ್ಕೆ, ಮನೆಮನೆ ತಿರುಗಿ ಸ್ವಯಂಸೇವಕಿಯರನ್ನ ಸೇರಿಸಿದ್ರು. ಹೊಸ್ತಿಲು ದಾಟದ ಹೆಣ್ಮಕ್ಕಳನ್ನ, ವಿಧವೆಯರನ್ನ ಕರ್ಕಂಡು ಬರೋದು ಆ ಕಾಲಕ್ಕೆ ಎಂಥ ಕೆಲಸ ಯೋಚನೆ ಮಾಡ್ರಿ. ಇವರೂ ಬಾಲ್ಯದಲ್ಲೇ ಮದುವೆಯಾಗಿ, ಸಣ್ಣ ವಯಸ್ಸಿಗೇ ಗಂಡನ್ನ ಕಳ್ಕಂಡೋರು. ಇವರನ್ನ ಓದಿಸಿ, ಹೊರಗೆ ಕಳಿಸಿ, ಬೆನ್ನಿಗೆ ನಿಂತೋರು ಮಾವ ಆನಂದರಾಯರು. ಆ ಮಾವ ಒಂದು ಮಾತು ಬ್ಯಾಡ ಅಂದಿದ್ರೆ? ನನಗೆ ಯಾವಾಗ್ಲೂ ಅನ್ಸೋದು ಅದೇ.

ಯಾಕಂದ್ರೆ ಗೈಡ್ಸಿನ ಗುಟ್ಟೂ ಅಲ್ಲೇ ಐತೆ. ಹುಡುಗೀರ ದಳಕ್ಕೆ ಹೆಂಗಸೇ ಲೀಡರ್ ಆಗಿರಬೇಕು, ಅದು ಕಟ್ಟುನಿಟ್ಟು. ಗೈಡ್ ಕ್ಯಾಪ್ಟನ್ ಅಂತಾರೆ. ಚಿಕ್ಕ ಮಕ್ಕಳ ಬುಲ್‌ಬುಲ್ ಗುಂಪಿಗೆ ಫ್ಲಾಕ್ ಲೀಡರ್. (ಬುಲ್‌ಬುಲ್ ಅಂದ್ರೆ ನಮ್ಮ ಪಿಕಳಾರ ಹಕ್ಕಿ.) ಸಾಮಾನ್ಯವಾಗಿ ಶಾಲೆ ಟೀಚರೇ ಇದನ್ನ ಹೊತ್ಕಂತಾರೆ, ಪಾಠದ ಕೆಲಸದ ಮೇಲೆ, ಸಂಬಳ ಇಲ್ದೆ. ಮೊದಲು ತರಬೇತಿ ಶಿಬಿರಕ್ಕೆ ಹೋಗಿ ಮನೆ ಬಿಟ್ಟು ಉಳೀಬೇಕು. ಆಮೇಲೆ ವಾರವಾರ ಬಿಡುವು ಮಾಡ್ಕಬೇಕು, ಮಕ್ಕಳನ್ನ ಶಿಬಿರಕ್ಕೆ ಕರ್ಕಂಡು ಹೋದ್ರೆ ರಾತ್ರಿ ಜೊತೆಗಿರಬೇಕು. ಹುಡುಗರ ದಳಕ್ಕೆ ಮೇಷ್ಟ್ರು ಸೈಕಲ್ ಹತ್ತಿ ಬಂದ್ರೆ ಆಯ್ತು. ಟೀಚರಮ್ಮ ಬರಬೇಕಂದ್ರೆ ಆಕೆ ಮನೇಲಿ ಸಂಜೆ ಒಲೆ ಯಾರು ಹಚ್ಚಬೇಕು ಅನ್ನೋದು ತೀರ್ಮಾನ ಆಗಿರಬೇಕು. ಹೆಣ್ಮಕ್ಕಳನ್ನ ಕಾಯೋಕೆ ಮಾಡಿದ ನಿಯಮ, ಒಳ್ಳೇದೇ. ಆದ್ರೆ ಒಬ್ಬ ಹೆಂಗಸಿಗೆ ಬಿಡುವು ಸಿಗದಿದ್ರೆ ಇಪ್ಪತ್ತು ಹುಡುಗೀರ ದಳವೇ ಇಲ್ಲ.

1964ರಿಂದ 1983ರವರೆಗೆ ಇಡೀ ದೇಶದ ಸ್ಕೌಟ್ಸ್ ಗೈಡ್ಸಿಗೆ ರಾಷ್ಟ್ರೀಯ ಕಮಿಷನರ್ ಆಗಿದ್ದೋರು ಲಕ್ಷ್ಮಿ ಮಜುಂದಾರ್, ಹೆಂಗಸೇ. ನಮ್ಮ ಕಡೆ ಹೆಸರು ಕೇಳ್ತಿದ್ದಿದ್ದು ಕೊಂಡಜ್ಜಿ ಬಸಪ್ಪನವರದು. ಹರಿಹರ ತಾಲೂಕಿನ ಕೊಂಡಜ್ಜಿಯೋರು, ಲೋಕಸಭೆವರೆಗೂ ಹೋದೋರು, ಸ್ಕೌಟ್ಸ್ ಅಂದ್ರೆ ಪ್ರಾಣ. ಅವರ ಊರಿನ ಕೆರೆ ಗುಡ್ಡದ ಹತ್ರ ಈಗಲೂ ಸ್ಕೌಟ್ಸ್ ಗೈಡ್ಸ್ ತರಬೇತಿ ಕೇಂದ್ರ ಐತೆ. ಆದ್ರೆ ನಾನು ಗೈಡ್ ಆಗಿದ್ದಾಗ ಸಂತೇಬೆನ್ನೂರು, ಚನ್ನಗಿರಿ ಎಲ್ಲಾ ಶಿವಮೊಗ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋವರೆಗೂ ಹತ್ತಿರದ ಕೊಂಡಜ್ಜಿ ನಮಗೆ ಪರಜಿಲ್ಲೆ. ರ‍್ಯಾಲಿ ಅಂದ್ರೆ ಶಿವಮೊಗ್ಗದ ಬಸ್ಸೇ.

ನಮ್ಮ ದಳ 1984ರಲ್ಲಿ ಶುರುವಾಗಿದ್ದು. ಹೊಸದಾಗಿ ಬಂದ ಟೀಚರೊಬ್ರು ತರಬೇತಿ ಮುಗಿಸ್ಕಂಡು ಬಂದಿದ್ರು. ಆರೇಳು ಹುಡುಗೀರು ಸೇರಿದ್ರೆ ಒಂದು ಪೆಟ್ರೋಲು, ಅದಕ್ಕೊಂದು ಹೂವಿನ ಹೆಸರು, ಅದರಲ್ಲೇ ಒಬ್ಬಳು ಲೀಡರು. ನಾನು ಕಮಲ ಪೆಟ್ರೋಲಿನ ಲೀಡರ್ ಆದೆ ಅಂದಾಗ ಅಪ್ಪಯ್ಯ, ಬಂಕಿನೋರು ಯಾಕೆ ಹುಡುಗೀರನ್ನ ತಗಂತಾರೆ ಅಂತ ಕೇಳಿದ್ರು! ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬಾವುಟ, ಪ್ರಾರ್ಥನೆ, ಆಮೇಲೆ ಗಂಟು ಹಾಕೋದು. ರೀಫ್ ಗಂಟು ಕಲಿತ ವಾರವೇ ನಾನು ಎಮ್ಮೆಕರುವಿಗೆ ಹಾಕಿ ನೋಡಿದೆ. ಎಡಗೈಯಲ್ಲಿ ಕೈ ಕುಲುಕೋದು ನೋಡಿ ಅವ್ವ ಮಾತ್ರ ಕೊನೆವರೆಗೂ ಮುಖ ಸಿಂಡರಿಸ್ತಿದ್ಲು. ಹೊಂಡದ ಮೆಟ್ಟಿಲ ಸಂದಿಯ ಹುಲ್ಲು ಕಿತ್ತಿದ್ವಿ, ಜಾತ್ರೇಲಿ ನೀರು ಕೊಟ್ವಿ, ಕಳೆದೋದ ಕೂಸುಗಳನ್ನ ಹಿಡ್ಕಂಡು ಅವರವ್ವಂದಿರನ್ನ ಹುಡುಕಿದ್ವಿ.

ಟೀಚರಿಗೆ ಆಗ ಎರಡು ವರ್ಷದ ಮಗ. ಶನಿವಾರ ಆ ಮಗುವನ್ನ ನೋಡ್ಕಂತಿದ್ದೋರು ಅವರ ಅತ್ತೆ. ಬಾಯಿ ಜೋರಿನ ಅಜ್ಜಿ. ಬ್ಯಾಂಡು ಬಾರ್ಸೋಕೆ ಸೊಸೆನಾ ತಂದಿದ್ದು ಅಂತ ಬೈತಾನೇ ಮಗುವಿಗೆ ಉಣಿಸ್ತಿದ್ರು. ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲದಾಗ ಪಕ್ಕದ ಮನೆ ದೊಡ್ಡವ್ವ. ಶಿವಮೊಗ್ಗಕ್ಕೆ ಹೋದಾಗ ಹುಡುಗೀರ ಜೊತೆ ಇನ್ನೊಬ್ಬ ದೊಡ್ಡೋರು ಬೇಕಂದ್ರೆ ನಮ್ಮ ಚಿಗವ್ವ ಮಂಡಕ್ಕಿ ಒಗ್ಗರಣೆ ಡಬ್ಬಿ ಹಿಡ್ಕಂಡು ಹೊರಟ್ಲು. ಇವರ್ಯಾರಿಗೂ ಸ್ಕಾರ್ಫಿಲ್ಲ, ಬಿಲ್ಲೆ ಇಲ್ಲ. ನನ್ನ ಲೆಕ್ಕದಲ್ಲಿ ಆ ದಳ ನಡೆಸಿದ್ದು ನಾಕು ಜನ ಹೆಂಗಸರು, ರಿಜಿಸ್ಟರಿನಲ್ಲಿ ಒಂದೇ ಹೆಸರು.

ಎರಡನೇ ವರ್ಷ ಟೀಚರು ಬಾಣಂತನಕ್ಕೆ ತವರಿಗೆ ಹೋದ್ರು. ದಳ ಮುಗೀತು ಅಂದ್ಕಂಡ್ವಿ. ಅವರು ಹೋಗೋ ಮುಂಚೆ ನಮ್ಮ ಮೂವರು ಲೀಡರನ್ನ ಕೂರಿಸ್ಕಂಡು, ಹೊರಗೆಲ್ಲೂ ಹೋಗಬ್ಯಾಡ್ರಿ, ಶಾಲೆ ಅಂಗಳದಲ್ಲಿ ನೀವೇ ನಡೆಸ್ರಿ ಅಂದ್ರು. ನಾಕು ತಿಂಗಳು ನಡೆಸಿದ್ವಿ. ಜಗಳ ಆಡಿದ್ವಿ, ಹಗ್ಗದ ವಿಷಯಕ್ಕೆ ಎರಡು ವಾರ ಮಾತು ಬಿಟ್ವಿ, ಆಮೇಲೆ ಲೀಡರುಗಳ ಸಭೆ ಮಾಡಿ ನಾವೇ ಸರಿ ಮಾಡ್ಕಂಡ್ವಿ. ಅಡಿಕೆ ಸುಲಿ ಟೈಮಿನಲ್ಲಿ ಅರ್ಧ ಹುಡುಗೀರು ಬರ್ತಿರ್ಲಿಲ್ಲ, ರಾತ್ರಿ ಎಲ್ಲಾ ಅವ್ವನ ಜೊತೆ ಸುಲಿದು ನಿದ್ದೆ. ಬಂದಷ್ಟು ಜನಕ್ಕೇ ಬಾವುಟ ಕಟ್ಟಿದ್ವಿ. ಪೆಟ್ರೋಲ್ ಪದ್ಧತಿ ಅಂತ ಪುಸ್ತಕದಲ್ಲಿ ದೊಡ್ಡದಾಗಿ ಬರೀತಾರಲ್ಲ, ಅದು ನಿಜವಾಗ್ಲೂ ಕೆಲಸ ಮಾಡ್ತೈತೆ ಅಂತ ನಾನು ನಂಬಿದ್ದು ಆಗ.

1988ರಲ್ಲಿ ಟೀಚರಿಗೆ ವರ್ಗ ಆಯ್ತು. ಅವರ ಜಾಗಕ್ಕೆ ಬಂದೋರಿಗೆ ಅತ್ತೆ ಇರ್ಲಿಲ್ಲ, ಮೂರು ಮಕ್ಕಳು, ಬೇರೆ ಊರಿಂದ ದಿನಾ ಬಸ್ಸು. ಶನಿವಾರ ಒಂದೂವರೆ ಬಸ್ ತಪ್ಪಿದ್ರೆ ಸಂಜೆವರೆಗೂ ಗತಿ ಇಲ್ಲ. ಆಕೆಯನ್ನ ಬೈಯೋಕೆ ನನಗೆ ಮನಸ್ಸಾಗಲ್ಲ. ಬಾವುಟ, ಹಗ್ಗ, ರಿಜಿಸ್ಟರು ಬೀರುವಿಗೆ ಸೇರಿದ್ವು. ನನ್ನ ತಂಗಿ ಗೈಡ್ ಆಗಲೇ ಇಲ್ಲ. ಈಗಲೂ ನನ್ನ ಹಳೇ ಬಿಲ್ಲೆ ನೋಡಿದಾಗೆಲ್ಲ, ನಿನಗೆ ಸಿಕ್ತು ಅಂತಾಳೆ.

ಇದನ್ನೆಲ್ಲ ಈಗ ಯಾಕೆ ಬರೆದೆ ಅಂದ್ರೆ, ಚಿಗವ್ವನ ಮೊಮ್ಮಗಳ ಶಾಲೇಲಿ ಚಿಕ್ಕ ವಯಸ್ಸಿನ ಟೀಚರೊಬ್ರು ತರಬೇತಿ ಮುಗಿಸಿ ಬಂದಿದಾರೆ. ಹದಿನೆಂಟು ಹುಡುಗೀರು ಹೆಸರು ಕೊಟ್ಟಿದಾರಂತೆ. ಟೀಚರ ಮಗಳು ಇನ್ನೂ ಅಂಗನವಾಡಿಗೆ ಹೋಗೋ ಕೂಸು, ಗಂಡ ಕೆಲಸದ ಮೇಲೆ ಹೊರಗಡೆ. ಶನಿವಾರ ಎರಡು ತಾಸು ಕೂಸನ್ನ ನಾನು ಇಟ್ಕಂತೀನಿ ಅಂತ ಹೇಳಿ ಬಂದಿದೀನಿ. ತಿಂಗಳಿಗೆ ಎರಡು ಶನಿವಾರ ನನಗೆ ಚನ್ನಗಿರಿ ಆಸ್ಪತ್ರೆಗೆ ಹೋಗೋದಿರ್ತೈತೆ, ಆ ಎರಡು ದಿನಕ್ಕೆ ಇನ್ನೊಬ್ರು ಬೇಕು. ಅಡಿಕೆ ಸುಲಿ ಶುರುವಾದ್ರೆ ನೀವೂ ಸಿಗಲ್ಲ, ಹುಡುಗೀರೂ ಸಿಗಲ್ಲ. ಆಗ ಭಾನುವಾರ ಬೆಳಿಗ್ಗೆ ಇಟ್ಕಂಡ್ರೆ ಹೆಂಗೆ ಅಂತ ಟೀಚರನ್ನ ಕೇಳಿದೀನಿ, ಹುಡುಗೀರನ್ನೇ ಕೇಳಿ ಹೇಳ್ತೀನಿ ಅಂದ್ರು.