ಗಳಗಂಡದಿಂದ ಹಿಮ್ಮಡಿಯ ರಕ್ತಬಿಂದುವಿನವರೆಗೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಪಿಲೆಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ವೈನಾಡಿನ ಮಲೆಗಳಲ್ಲಿ ಸುರಿದ ಮಳೆಯೇ ಇಲ್ಲಿ ಜಲರಾಶಿಯಾಗಿ ನಿಲ್ಲುತ್ತದೆ. ಬಿರುಮಳೆ ಮಲೆಯ ಮೇಲ್ಮಣ್ಣನ್ನು ತೊಳೆಯುವಾಗ ಅದರೊಳಗಿನ ಅಯೊಡಿನ್ ಧಾತುವನ್ನೂ ಒಯ್ಯುವುದರಿಂದ, ಅಂತಹ ನೆಲದ ಬೆಳೆಯಲ್ಲಿಯೂ ನೀರಿನಲ್ಲಿಯೂ ಅದು ವಿರಳವಾಗುವುದುಂಟು. ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಗಳಗಂಡವಿದ್ದುದು ಸಮೀಕ್ಷೆಗಳಿಂದ ತಿಳಿದುಬಂದಿದೆ. ಈ ಮಲೆಯಂಚಿನ ನಾಡನ್ನು ಮನಸ್ಸಿನಲ್ಲಿಟ್ಟುಕೊಂಡು, ಥೈರಾಯ್ಡ್ ಗ್ರಂಥಿಯ ಮಾಂದ್ಯದಿಂದ ಮಕ್ಕಳಿಗೊದಗುವ ಹಾನಿಯನ್ನು ವೈದ್ಯಶಾಸ್ತ್ರವು ಅರಿತುಕೊಂಡ ಬಗೆಯನ್ನು ಸಂಗ್ರಹವಾಗಿ ಪರಿಶೀಲಿಸಬಯಸುತ್ತೇವೆ.

ಗಳಗಂಡವು ನಮ್ಮವರಿಗೆ ಹೊಸದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿಯೇ ಅದರ ಲಕ್ಷಣಗಳು ನಿರೂಪಿತವಾಗಿವೆ. ಆದರೆ ಕತ್ತಿನ ಬಾವು ಕಣ್ಣಿಗೆ ಕಾಣುವಂಥದು. ಕೂಸಿನ ಬುದ್ಧಿಗೆ ತಗಲುವ ಪೆಟ್ಟು ಕಾಣುವಂಥದಲ್ಲ. 1908ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯನು ಗಿಲ್ಗಿಟ್, ಚಿತ್ರಾಲ್ ಕಣಿವೆಗಳಲ್ಲಿ ಗಳಗಂಡದೊಡನೆ ಕುಳ್ಳತನ, ಕಿವುಡುತನ, ಬುದ್ಧಿಮಾಂದ್ಯಗಳು ಕೂಡಿ ಬರುವುದನ್ನು ವರ್ಣಿಸಿದನು. ಆದರೆ ಕಾರಣವನ್ನು ಅವನು ಕಲುಷಿತ ನೀರಿನಲ್ಲಿ ಹುಡುಕಿದನು. ಮುಂದೆ ನೀಲಗಿರಿಯ ಕೂನೂರಿನಲ್ಲಿ ಪೋಷಣಸಂಶೋಧನೆಗೆ ಅಡಿಪಾಯ ಹಾಕಿದವನೂ ಅವನೇ.

ನಿಜವಾದ ಕಾರಣವನ್ನು ನಮ್ಮ ದೇಶದಲ್ಲಿ ಸಪ್ರಮಾಣವಾಗಿ ತೋರಿಸಿದವರು ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು. 1956ರಲ್ಲಿ ಅವರು ಕಾಂಗ್ರಾ ಕಣಿವೆಯನ್ನು ವಲಯಗಳಾಗಿ ವಿಭಾಗಿಸಿ, ಕೆಲವೆಡೆ ಅಯೊಡಿನ್ ಬೆರೆತ ಉಪ್ಪನ್ನೂ ಒಂದೆಡೆ ಸಾಧಾರಣ ಉಪ್ಪನ್ನೂ ಹಂಚಿಸಿದರು. ಕೆಲವೇ ವರ್ಷಗಳಲ್ಲಿ ಮೊದಲನೆಯ ವಲಯಗಳ ಶಾಲಾಬಾಲಕರಲ್ಲಿ ಗಳಗಂಡವು ಗಣನೀಯವಾಗಿ ತಗ್ಗಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅಯೊಡಿನ್ ಇಲ್ಲದ ಉಪ್ಪನ್ನು ಆಹಾರಕ್ಕಾಗಿ ಮಾರುವುದಕ್ಕೆ ದೇಶಾದ್ಯಂತ 2006ರ ಮೇ ತಿಂಗಳಿನಿಂದ ನಿಷೇಧ ಜಾರಿಗೆ ಬಂದಿತು. ಕಡಲಿನಿಂದ ಬಂದ ಕಲ್ಲುಪ್ಪಿನಲ್ಲಿ ಅಯೊಡಿನ್ ತಾನಾಗಿಯೇ ಸಾಕಷ್ಟಿರುವುದೆಂಬ ಭಾವನೆ ತಪ್ಪು. ನೀರು ಆರಿ ಹರಳುಗಟ್ಟಿದ ಉಪ್ಪಿನಲ್ಲಿ ಉಳಿಯುವ ಅಂಶ ಅತ್ಯಲ್ಪ.

ಹೀಗೆ ಕತ್ತಿನ ಕಥೆ ಒಂದು ಹಂತಕ್ಕೆ ಬಂದಿತು. ಕೂಸಿನ ಕಥೆ ಬೇರೆ ದಾರಿಯಲ್ಲಿ ಸಾಗಿತು. 1970ರ ದಶಕದ ಮೊದಲಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಜಾನ್ ದ್ಯುಸೊ ಎಂಬವನು ಕಾಗದದ ಮೇಲೆ ಒಣಗಿಸಿದ ರಕ್ತಬಿಂದುವಿನಿಂದಲೇ ನವಜಾತ ಶಿಶುಗಳ ಥೈರಾಯ್ಡ್ ಸ್ಥಿತಿಯನ್ನು ಅಳೆಯುವ ವಿಧಾನವನ್ನು ರೂಪಿಸಿದನು. 1980ರ ದಶಕದಲ್ಲಿ ಉತ್ತರ ಪ್ರದೇಶದ ಗೊಂಡಾ, ದೇವರಿಯಾ ಜಿಲ್ಲೆಗಳಲ್ಲಿ ಎನ್. ಕೊಚುಪಿಳ್ಳೈ ಮೊದಲಾದವರು ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿದರು. ತಾಯಿಯ ಅಯೊಡಿನ್ ಕೊರತೆ ಕೂಸಿಗೂ ಮುಟ್ಟುತ್ತದೆಂಬುದು ಅದರಿಂದ ಸ್ಪಷ್ಟವಾಯಿತು.

ಇಲ್ಲೊಂದು ಭೇದವನ್ನು ಗಮನಿಸಬೇಕು. ಉಪ್ಪು ತಾಯಿಯ ಕೊರತೆಯನ್ನು ನೀಗಿಸಬಲ್ಲುದು. ಆದರೆ ಹುಟ್ಟಿನಿಂದಲೇ ಗ್ರಂಥಿ ಇಲ್ಲದ ಅಥವಾ ಅರ್ಧ ಬೆಳೆದ ಕೂಸಿಗೆ ಉಪ್ಪಿನಿಂದ ಪ್ರಯೋಜನವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಬಹುಕೇಂದ್ರ ಅಧ್ಯಯನದಲ್ಲಿ ಸುಮಾರು ಸಾವಿರದ ನೂರು ಶಿಶುಗಳಿಗೆ ಒಂದರಂತೆ ಜನ್ಮಜಾತ ಥೈರಾಯ್ಡ್ ಮಾಂದ್ಯ ಕಂಡುಬಂದಿತು. ಇಂತಹ ಕೂಸು ಅಳುವುದು ಕಡಿಮೆ, ನಿದ್ರೆ ಹೆಚ್ಚು, ಹಾಲು ಕುಡಿಯುವುದು ನಿಧಾನ, ಕಾಮಾಲೆ ಬಹುಕಾಲ ಉಳಿಯುವುದು. ಮನೆಯ ಹಿರಿಯರು ಅದನ್ನು ಸಾಧುಕೂಸೆಂದು ಮೆಚ್ಚಿಯೇಬಿಡಬಹುದು. ಲಕ್ಷಣಗಳು ಸ್ಪಷ್ಟವಾಗುವಷ್ಟರಲ್ಲಿ ಮಿದುಳಿಗಾದ ಹಾನಿ ಪೂರ್ತಿಯಾಗಿ ಸರಿಹೋಗದು. ಜನಿಸಿದ ಎರಡು ಮೂರು ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತವನ್ನು ಪರೀಕ್ಷಿಸಿ, ಎರಡು ವಾರಗಳೊಳಗೆ ಥೈರಾಕ್ಸಿನ್ ಗುಳಿಗೆಯನ್ನು ಆರಂಭಿಸಿದರೆ ಆ ಕೂಸು ಸಾಮಾನ್ಯವಾಗಿ ಇತರ ಮಕ್ಕಳಂತೆಯೇ ಬೆಳೆಯುತ್ತದೆ.

ಆದುದರಿಂದ ಗಳಗಂಡ ತಗ್ಗಿತೆಂದು ನಿಶ್ಚಿಂತರಾಗುವಂತಿಲ್ಲ. ಉಪ್ಪು ಮಲೆಯಂಚಿನ ಹಾಡಿಹಾಡಿಗೂ ತಲುಪಬಲ್ಲುದೆಂಬುದನ್ನು ಈ ಇತಿಹಾಸ ತೋರಿಸಿದೆ. ಒಂದು ಹನಿ ರಕ್ತದ ಪರೀಕ್ಷೆಯೂ ಅಷ್ಟೇ ದೂರ ತಲುಪಬೇಕು. ಕಣ್ಣಿಗೆ ಕಂಡುದನ್ನು ಮಾತ್ರ ರೋಗವೆಂದು ಎಣಿಸುವವರೆಗೆ, ಸದ್ದಿಲ್ಲದೆ ಮಲಗಿರುವ ಕೂಸಿನ ಪರವಾಗಿ ಮಾತನಾಡುವವರು ಯಾರೂ ಇರುವುದಿಲ್ಲವೆಂದು ನಾವು ಭಾವಿಸುತ್ತೇವೆ.