ವಿಡಿಯೋಪೊಲಿಸ್

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್ ಥೀಮ್ ಪಾರ್ಕಿನಲ್ಲಿ 1985ರ ಜೂನ್ 22ರಂದು ಆರಂಭವಾದ ಬಯಲು ನೃತ್ಯಾಂಗಣ. ಹದಿಹರೆಯದವರ ಡಾನ್ಸ್ ಕ್ಲಬ್ಬಾಗಿ ಹುಟ್ಟಿ, ಮುಂದೆ ಸಂಗೀತ ನಾಟಕಗಳ ರಂಗಮಂದಿರವಾಯಿತು. 1995ರಿಂದ ಇದರ ಹೆಸರು ಫ್ಯಾಂಟಸಿಲ್ಯಾಂಡ್ ಥಿಯೇಟರ್.

ಹಿನ್ನೆಲೆ

ಡಿಸ್ನಿಲ್ಯಾಂಡಿಗೆ ಕುಣಿತ ಹೊಸದಾಗಿರಲಿಲ್ಲ. ಉದ್ಯಾನ ತೆರೆದದ್ದು 1955ರಲ್ಲಿ. ಮರುವರ್ಷವೇ ಕಾರ್ನೇಷನ್ ಪ್ಲಾಜಾ ಗಾರ್ಡನ್ಸ್‌ನಲ್ಲಿ ದೊಡ್ಡ ವಾದ್ಯವೃಂದಗಳ ಸಂಗೀತಕ್ಕೆ ಜೋಡಿಗಳು ಹೆಜ್ಜೆ ಹಾಕತೊಡಗಿದವು. 1957ರಲ್ಲಿ ಯುವಜನರಿಗಾಗಿ ‘ಡೇಟ್ ನೈಟ್’ ಸಂಜೆಗಳು ಶುರುವಾದವು. 1967ರಲ್ಲಿ ಬಂದ ಟುಮಾರೋಲ್ಯಾಂಡ್ ಟೆರೇಸ್ ರಾಕ್ ಸಂಗೀತಕ್ಕೆ ನೆಲೆಯಾಯಿತು; ಅಲ್ಲಿ ವಾದ್ಯಗಾರರ ಸಮೇತ ವೇದಿಕೆಯೇ ನೆಲದಡಿಯಿಂದ ಮೇಲೇರಿ ಬರುತ್ತಿತ್ತು.

1981ರಲ್ಲಿ ಎಂಟಿವಿ ಎಂಬ ಸಂಗೀತ ವಾಹಿನಿ ಪ್ರಸಾರ ಆರಂಭಿಸಿದ ಮೇಲೆ ಹಾಡೆಂದರೆ ಕೇಳುವಷ್ಟೇ ನೋಡುವುದೂ ಆಯಿತು. 1984ರಲ್ಲಿ ಮೈಕೆಲ್ ಐಸ್ನರ್ ಡಿಸ್ನಿ ಸಂಸ್ಥೆಯ ಮುಖ್ಯಸ್ಥರಾದರು. ಮಕ್ಕಳ ತಾಣವೆಂದು ದೂರ ಉಳಿಯುತ್ತಿದ್ದ ಯುವಕ ಯುವತಿಯರನ್ನು ಸಂಜೆಯ ಹೊತ್ತು ಸೆಳೆಯಲು ರೂಪುಗೊಂಡದ್ದೇ ವಿಡಿಯೋಪೊಲಿಸ್.

ನೃತ್ಯದ ವರ್ಷಗಳು

ಫ್ಯಾಂಟಸಿಲ್ಯಾಂಡ್ ವಿಭಾಗದ ಉತ್ತರದ ಅಂಚಿನಲ್ಲಿ, ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ದೋಣಿವಿಹಾರದ ಬಳಿ ಇದನ್ನು ಕೆಲವೇ ತಿಂಗಳಲ್ಲಿ ಕಟ್ಟಲಾಯಿತು. ಕುಣಿಯುವ ಜಾಗವೇ ಸುಮಾರು 5,000 ಚದರ ಅಡಿ. ಸುತ್ತಲೂ ಹತ್ತಾರು ಟಿವಿ ಪರದೆಗಳಲ್ಲಿ ಸಂಗೀತ ವಿಡಿಯೋಗಳು ಓಡುತ್ತಿದ್ದವು. ಉದ್ಯಾನದಲ್ಲಿ ಸಾರ್ವಜನಿಕರಿಗೆ ಮದ್ಯ ಮಾರುತ್ತಿರಲಿಲ್ಲವಾದ್ದರಿಂದ, ನಗರದ ಕ್ಲಬ್ಬುಗಳಿಗೆ ಪ್ರವೇಶವಿಲ್ಲದ ವಯಸ್ಸಿನವರಿಗೂ ಇಲ್ಲಿ ಕುಣಿಯಲು ಅವಕಾಶ ದೊರೆಯಿತು.

ಯಾರೊಡನೆ ಯಾರು ಕುಣಿಯಬಹುದು ಎಂಬ ಪ್ರಶ್ನೆ ಈ ನೃತ್ಯಾಂಗಣವನ್ನೂ ನ್ಯಾಯಾಲಯದವರೆಗೆ ಒಯ್ದಿತು. 1980ರಲ್ಲಿ ಟುಮಾರೋಲ್ಯಾಂಡಿನಲ್ಲಿ ಜೊತೆಯಾಗಿ ಕುಣಿದ ಇಬ್ಬರು ಗಂಡಸರನ್ನು ಹೊರಹಾಕಲಾಗಿತ್ತು. 1984ರಲ್ಲಿ ತೀರ್ಪು ಅವರ ಪರವಾಗಿ ಬಂತು. ಮರುವರ್ಷ ಸಂಸ್ಥೆ ಸಲಿಂಗ ಜೋಡಿಗಳ ಕುಣಿತದ ಮೇಲಿನ ನಿಷೇಧವನ್ನು ಕೈಬಿಟ್ಟಿತು. ಆದರೂ ವಿಡಿಯೋಪೊಲಿಸ್‌ನಲ್ಲಿ ಒಬ್ಬರನ್ನೊಬ್ಬರು ಹಿಡಿದು ನಿಧಾನಗತಿಯ ಹಾಡಿಗೆ ಕುಣಿಯದಂತೆ ಭದ್ರತಾ ಸಿಬ್ಬಂದಿ ತಡೆದರೆಂದು ಮೂವರು ಯುವಕರು 1988ರಲ್ಲಿ ಮೊಕದ್ದಮೆ ಹೂಡಿದರು. ಭೇದ ಮಾಡುವುದಿಲ್ಲವೆಂಬ ಭರವಸೆ ಸಿಕ್ಕ ಬಳಿಕ 1989ರಲ್ಲಿ ಅದನ್ನು ಹಿಂತೆಗೆದುಕೊಂಡರು. ಮನರಂಜನಾ ತಾಣದ ಒಂದು ಚಿಕ್ಕ ನಿಯಮವೂ ಮನುಷ್ಯರ ಘನತೆಯನ್ನು ಮುಟ್ಟುತ್ತದೆ ಎಂಬುದಕ್ಕೆ ಈ ವ್ಯಾಜ್ಯಗಳು ಸಾಕ್ಷಿ.

ರಂಗಮಂದಿರವಾಗಿ

1980ರ ದಶಕ ಮುಗಿಯುವ ಹೊತ್ತಿಗೆ ಕುಣಿತ ನಿಂತು, ವೇದಿಕೆ ನಾಟಕಗಳಿಗೆ ಮೀಸಲಾಯಿತು. 1990ರಲ್ಲಿ ‘ಡಿಕ್ ಟ್ರೇಸಿ’ ಚಿತ್ರದ ಪಾತ್ರಗಳನ್ನಾಧರಿಸಿದ ಪ್ರದರ್ಶನ ನಡೆಯಿತು. 1992ರಲ್ಲಿ ‘ಬ್ಯೂಟಿ ಅಂಡ್ ದ ಬೀಸ್ಟ್’ ರಂಗರೂಪ ಬಂತು. 1995ರಲ್ಲಿ ಪೊಕಾಹೊಂಟಸ್ ಕಥೆಯ ಪ್ರದರ್ಶನದೊಂದಿಗೆ ಹೊಸ ಹೆಸರೂ ಬಂತು. 2006ರಿಂದ ಕೆಲ ವರ್ಷ ಇಲ್ಲಿ ಮಕ್ಕಳು ರಾಜಕುಮಾರಿಯರ ಪಾತ್ರಧಾರಿಗಳನ್ನು ಭೇಟಿಯಾಗುತ್ತಿದ್ದರು. 2013ರಲ್ಲಿ ‘ಮಿಕ್ಕಿ ಅಂಡ್ ದ ಮ್ಯಾಜಿಕಲ್ ಮ್ಯಾಪ್’, 2022ರಲ್ಲಿ ‘ಟೇಲ್ ಆಫ್ ದ ಲಯನ್ ಕಿಂಗ್’ ಮೂಲಕ ರಂಗಪ್ರದರ್ಶನಗಳು ಮರಳಿದವು.

ಇತರೆಡೆ

1989ರ ಮೇ 1ರಂದು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಆರಂಭವಾದ ‘ಪ್ಲೆಷರ್ ಐಲ್ಯಾಂಡ್’ ಎಂಬ ಕ್ಲಬ್ಬುಗಳ ಪ್ರದೇಶದಲ್ಲಿ ‘ವಿಡಿಯೋಪೊಲಿಸ್ ಈಸ್ಟ್’ ಇತ್ತು. ಅಲ್ಲಿನ ಕ್ಲಬ್ಬುಗಳೆಲ್ಲ 2008ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದವು. 1992ರಲ್ಲಿ ಪ್ಯಾರಿಸ್ ಬಳಿ ತೆರೆದ ಡಿಸ್ನಿ ಉದ್ಯಾನದಲ್ಲೂ ವಿಡಿಯೋಪೊಲಿಸ್ ಹೆಸರಿನ ಒಳಾಂಗಣ ರಂಗಮಂದಿರವಿದೆ. ಅದರ ಬಾಗಿಲ ಮೇಲೆ ‘ಹೈಪರಿಯನ್’ ಎಂಬ ವಾಯುನೌಕೆಯ ಬೃಹತ್ ಮಾದರಿಯನ್ನು ನಿಲ್ಲಿಸಲಾಗಿದೆ.